ಪಾಯಿಂಟಕ್ಕ ಕೊಟ್ಟ ಮಾತ್ರೆ

ನನ್ನ ಗಂಡನ ಅಕ್ಕನನ್ನು ಕನ್ನಡಕದ ಅಂಗಡಿಯಲ್ಲಿ ಎಲ್ಲರೂ ಪಾಯಿಂಟಕ್ಕ ಎನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಎದುರಿಗೆ ಅನ್ನುವ ಧೈರ್ಯ ಅಂಗಡಿ ಮಾಲೀಕರಿಗೂ ಇರಲಿಲ್ಲ. ಕನ್ನಡಕದ ನಂಬರು ಪಾಯಿಂಟ್ ಎರಡೈದರ, ಅಂದರೆ ಕಾಲು ನಂಬರಿನ, ಲೆಕ್ಕದಲ್ಲಿ ಏರುತ್ತದೆ, ಇಳಿಯುತ್ತದೆ. ಅದಕ್ಕಿಂತ ಸಣ್ಣ ವ್ಯತ್ಯಾಸವನ್ನು ಸಾಮಾನ್ಯವಾಗಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಪಾಯಿಂಟ್ ಎರಡೈದಕ್ಕಾಗಿ ಅಕ್ಕ ಗಾಜು ಕಳಿಸಿದವರ ಜೊತೆ, ಕಣ್ಣು ಪರೀಕ್ಷೆ ಮಾಡಿದವರ ಜೊತೆ, ಒಮ್ಮೊಮ್ಮೆ ಕನ್ನಡಕ ಹಾಕಿಕೊಳ್ಳಬೇಕಾದವರ ಜೊತೆಯೇ ಜಗಳಕ್ಕೆ ನಿಲ್ಲುತ್ತಿದ್ದರು.

ನಾನು ಅದೇ ಅಂಗಡಿಯ ಮುಂದಿನ ಕೌಂಟರಿನಲ್ಲಿ ಫ್ರೇಮು ತೋರಿಸುತ್ತಿದ್ದವಳು. ಅಕ್ಕ ಹಿಂದಿನ ಕೋಣೆಯಲ್ಲಿರುತ್ತಿದ್ದರು. ಅಲ್ಲಿ ಗಾಜಿನ ಅಂಚು ಉಜ್ಜುವ ಚಕ್ರ ತಿರುಗುತ್ತಿತ್ತು, ಅದರ ಮೇಲೆ ಸಣ್ಣಗೆ ನೀರು ಬೀಳುತ್ತಿತ್ತು, ಬಿಳಿ ಕೆಸರು ಅವರ ಮೊಣಕೈವರೆಗೂ ಮೆತ್ತಿರುತ್ತಿತ್ತು. ಒಂದು ದಿನ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದವರು ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದರು.

"ಮದುವೆ ಗೊತ್ತಾಗಿದೆಯಾ ನಿಂಗೆ?"

"ಇಲ್ಲ."

"ನಂಗೊಬ್ಬ ತಮ್ಮ ಇದಾನೆ. ಲಿಫ್ಟ್ ರಿಪೇರಿ ಮಾಡ್ತಾನೆ. ಸುಳ್ಳು ಹೇಳಲ್ಲ. ಸ್ವಲ್ಪ ಮೆತ್ತಗಿನ ಸ್ವಭಾವ. ನೀನು ಬಾಯಿಯವಳು, ಸರಿಹೋಗತ್ತೆ."

ನನ್ನ ಮದುವೆಯ ಮಾತುಕತೆ ಎಂದರೆ ಇಷ್ಟೇ. ಉಳಿದದ್ದೆಲ್ಲ ಆಮೇಲೆ ಆದ ಶಾಸ್ತ್ರ. ಬಾಯಿಯವಳು ಎಂದದ್ದಕ್ಕೆ ನನಗೆ ಸಿಟ್ಟು ಬಂದಿತ್ತು, ಆದರೆ ಹುಡುಗನನ್ನು ನೋಡಿದ ಮೇಲೆ ಆ ಸಿಟ್ಟನ್ನು ನುಂಗಿಕೊಂಡೆ. ಅವನು ನಿಜಕ್ಕೂ ಸುಳ್ಳು ಹೇಳುತ್ತಿರಲಿಲ್ಲ. ಗಂಡನನ್ನು ಅವನು ಎಂದು ಬರೆದರೆ ಕೆಲವರ ಹುಬ್ಬು ಮೇಲೇರುತ್ತದೆ. ಏರಲಿ.

ಆ ಮನೆಗೆ ಹೋದ ಮೊದಲ ದಿನವೇ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಊಟದ ಮೇಜಿನ ಒಂದು ತುದಿಯಲ್ಲಿ ಮಾವ ಕೂತಿದ್ದರು, ಇನ್ನೊಂದು ತುದಿಯಲ್ಲಿ ಅಕ್ಕ. ಅಕ್ಕ ತಮ್ಮನ ಕಡೆ ತಿರುಗಿ, "ಇನ್ನೂ ಸ್ವಲ್ಪ ಬಡಿಸ್ಲಾ ಅಂತ ಕೇಳು ಅವರನ್ನ" ಎಂದರು. ಕೈ ಚಾಚಿದರೆ ಮುಟ್ಟುವಷ್ಟು ದೂರದಲ್ಲಿದ್ದ ಮಾವ ಮಗನ ಕಡೆ ತಿರುಗಿ, "ಸಾಕು ಅಂತ ಹೇಳಪ್ಪ" ಎಂದರು. ನಾನು ತಮಾಷೆ ಎಂದುಕೊಂಡು ನಕ್ಕುಬಿಟ್ಟೆ. ಯಾರೂ ನಗಲಿಲ್ಲ. ಕೆಲವು ದಿನ ಕಳೆಯುವುದರೊಳಗೆ ಆ ಅಂಚೆಯ ಕೆಲಸ ನನ್ನ ತಲೆಗೇ ಬಂತು. ನೀರು ಕಾದಿದೆ ಅಂತ ಹೇಳು, ಬಾಗಿಲು ಹಾಕಿಕೊಳ್ಳಲಿ ಅಂತ ಹೇಳು. ಅಕ್ಕ ಮಾವನ ಬಟ್ಟೆ ಒಗೆಯುತ್ತಿದ್ದರು, ಅವರ ಮಂಡಿಗೆ ಎಣ್ಣೆ ಕಾಯಿಸಿ ಇಡುತ್ತಿದ್ದರು, ಅವರಿಗೆ ಕನ್ನಡಕವನ್ನೂ ತಾವೇ ಮಾಡಿಕೊಟ್ಟಿದ್ದರು. ಮಾತು ಮಾತ್ರ ಇಲ್ಲ.

ಕಾರಣವನ್ನು ಅಕ್ಕ ಮುಚ್ಚಿಡಲಿಲ್ಲ. ಒಂದು ಸಂಜೆ ಬಟ್ಟೆ ಮಡಿಸುತ್ತಾ ತಾವಾಗಿಯೇ ಹೇಳಿದರು. ಅವರು ಇನ್ನೂ ಓದುತ್ತಿದ್ದಾಗ ಅಮ್ಮನಿಗೆ ಜ್ವರ ಬಂತು. ಜ್ವರ ಹೊಟ್ಟೆಗಿಳಿದು, ಸೋಂಕು ರಕ್ತಕ್ಕೆ ಸೇರಿ, ಅಮ್ಮ ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಲಗಿದರು. ಆಗ ಮಾಡಿದ ಪರೀಕ್ಷೆಯಲ್ಲಿ ಥೈರಾಯ್ಡ್ ಹಾರ್ಮೋನು ತುಂಬಾ ಕಡಿಮೆ ಬಂತು. ಮಂಚದ ಪಕ್ಕ ನಿಂತಿದ್ದ ಎಳೆಯ ಡಾಕ್ಟರೊಬ್ಬರು, ಇದಕ್ಕೆ ಮಾತ್ರೆ ಇದೆ, ಕೊಡಬಹುದೇನೋ ಎಂದರಂತೆ. ಅಕ್ಕ ಓಡಿಹೋಗಿ ಅಪ್ಪನಿಗೆ ಹೇಳಿದರು. ಅಪ್ಪ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವ ಕೆಲಸದವರು, ಎಲ್ಲದಕ್ಕೂ ನಿಧಾನ. ದೊಡ್ಡ ಡಾಕ್ಟರನ್ನು ಕೇಳಿಕೊಂಡು ಬಂದು, "ಬೇಡವಂತಮ್ಮ. ಕಾಯಿಲೆಯಿಂದ ಹಾಗಾಗಿದೆಯಂತೆ. ಮಾತ್ರೆ ಬೇಡವಂತೆ" ಎಂದರು. ಅದಾದ ಸ್ವಲ್ಪ ದಿನಕ್ಕೆ ಅಮ್ಮ ಹೋದರು.

"ಒಂದು ಸಣ್ಣ ಮಾತ್ರೆ ಕಣೇ" ಎಂದರು ಅಕ್ಕ. "ಅಂಗಡಿಗೆ ಹೋಗಿ ತಂದುಕೊಟ್ಟಿದ್ರೆ ಆಗ್ತಿತ್ತು. ಬೇಡವಂತೆ ಅಂತ ಕೈ ಕಟ್ಕೊಂಡು ಕೂತ್ರು."

ತಮ್ಮ ಆಗ ಚಡ್ಡಿ ಹಾಕುವ ವಯಸ್ಸಿನವನು. ಅವನಿಗೆ ಅಮ್ಮನೂ ಅಕ್ಕನೇ ಆದರು. ಓದು ನಿಂತಿತು, ಕನ್ನಡಕದ ಅಂಗಡಿ ಸೇರಿದರು, ಮದುವೆಯ ಮಾತೆತ್ತಿದವರನ್ನು ಬಾಗಿಲಿನಿಂದಲೇ ಕಳಿಸಿದರು.

ನಾನು ಆ ಮನೆಗೆ ಬಂದ ಮೇಲೆ ಅಕ್ಕನಿಗೇ ಥೈರಾಯ್ಡ್ ಬಂತು. ಅದು ಮಾತ್ರ ನಿಜವಾದ ಥೈರಾಯ್ಡ್ ಕಾಯಿಲೆ. ಮುಖ ಊದಿತು, ದನಿ ದಪ್ಪವಾಯಿತು, ಸೆಕೆಗಾಲದಲ್ಲೂ ಶಾಲು ಹೊದ್ದು ಚಕ್ರದ ಮುಂದೆ ತೂಕಡಿಸುತ್ತಿದ್ದರು. ಪರೀಕ್ಷೆಯಾಗಿ, ಮಾತ್ರೆ ಶುರುವಾಗಿ, ಕೆಲವು ತಿಂಗಳಲ್ಲಿ ಅಕ್ಕ ಮತ್ತೆ ಮೊದಲಿನ ಅಕ್ಕ ಆದರು. ಜಗಳವೂ ಮೊದಲಿನಂತೆ ಶುರುವಾಯಿತು, ಅಂಗಡಿಯವರೆಲ್ಲ ನಿಟ್ಟುಸಿರು ಬಿಟ್ಟರು. ಆಗ ಒಂದು ಬೆಳಗ್ಗೆ ಅಕ್ಕ ಆ ಮಾತ್ರೆಯ ಡಬ್ಬಿಯನ್ನು ತಂದು ಮಾವನ ಮುಂದೆ ಮೇಜಿನ ಮೇಲೆ ಕುಕ್ಕಿ, ಒಂದು ಮಾತೂ ಆಡದೆ ಕೆಲಸಕ್ಕೆ ಹೋದರು. ಮಾವ ಡಬ್ಬಿಯನ್ನು ಎತ್ತಿಕೊಂಡು ಎಲ್ಲ ಕಡೆ ತಿರುಗಿಸಿ ನೋಡಿದರು. ಆಮೇಲೆ ಎದ್ದುಹೋಗಿ, ಬಿಸಿಲು ತಾಗದ ಕಡೆ ಜೋಪಾನವಾಗಿ ಇಟ್ಟು ಬಂದರು. ನನಗೆ ಆ ಹೊತ್ತು ಅಕ್ಕನ ಮೇಲೆ ಕೆಂಡದಂಥ ಕೋಪ ಬಂದಿತ್ತು.

ಮಾವ ತೀರಿಕೊಂಡದ್ದು ನಿದ್ದೆಯಲ್ಲಿ, ಯಾರಿಗೂ ತೊಂದರೆ ಕೊಡದೆ. ಅಕ್ಕ ಮಾಡಬೇಕಾದದ್ದೆಲ್ಲ ಮಾಡಿದರು. ಕಣ್ಣೀರು ಹಾಕಲಿಲ್ಲ.

ಇದಾದ ಎಷ್ಟೋ ವರ್ಷಕ್ಕೆ ನನ್ನ ಗಂಡನಿಗೆ ನ್ಯುಮೋನಿಯಾ ಆಯಿತು. ಸಣ್ಣ ಕೆಮ್ಮು ಎಂದು ಅಸಡ್ಡೆ ಮಾಡಿ ಕೆಲಸಕ್ಕೆ ಹೋಗುತ್ತಲೇ ಇದ್ದವನು ಒಂದು ಕಟ್ಟಡದ ಮೇಲ್ಮಹಡಿಯ ಮೋಟಾರು ಕೋಣೆಯಲ್ಲಿ ಕುಸಿದುಬಿದ್ದ. ಸೋಂಕು ರಕ್ತಕ್ಕೆ ಸೇರಿದೆ ಎಂದರು. ಉಸಿರಿಗೆ ಯಂತ್ರ ಹಾಕಿದರು. ರಕ್ತಕ್ಕೆ ಸೇರಿದೆ ಎಂಬ ಮಾತು ಕೇಳಿದ ಕೂಡಲೇ ಅಕ್ಕ ಗೋಡೆಗೆ ಒರಗಿದ್ದನ್ನು ನಾನು ನೋಡಿದೆ. ಅಮ್ಮ ಹೋದದ್ದೂ ಹೀಗೆಯೇ. ಅಮ್ಮನನ್ನು ಬಿಟ್ಟುಕೊಟ್ಟ ಹಾಗೆ ಇವನನ್ನು ಬಿಟ್ಟುಕೊಡಲ್ಲ ಎಂದು ಅಕ್ಕ ನನ್ನ ಕೈ ಹಿಡಿದು ಹೇಳಿದರು. ನಾವಿಬ್ಬರೂ ಆ ಬೆಂಚಿನ ಮೇಲೆ ಒಂದೇ ಜೀವಕ್ಕಾಗಿ ಕೂತವರು. ಅಲ್ಲಿವರೆಗಿನ ಜಗಳಗಳೆಲ್ಲ ನನಗೆ ಮರೆತೇಹೋದವು.

ಯಂತ್ರ ತೆಗೆದ ಮೇಲೂ ಅವನಿಗೆ ಸರಿಯಾಗಿ ಎಚ್ಚರ ಬರುತ್ತಿರಲಿಲ್ಲ. ಏಕೆಂದು ತಿಳಿಯಲು ಮಾಡಿದ ಹತ್ತಾರು ಪರೀಕ್ಷೆಗಳಲ್ಲಿ ಥೈರಾಯ್ಡ್ ಕೂಡ ಒಂದು. ಅದು ಕಡಿಮೆ ಬಂತು. ತುಂಬಾ ಕಡಿಮೆ.

ಅಕ್ಕ ಎದ್ದುನಿಂತರು. ನೋಡಿಕೊಳ್ಳುತ್ತಿದ್ದ ಡಾಕ್ಟರಮ್ಮ ನಡುವಯಸ್ಸಿನವರು, ಅವಸರ ಇಲ್ಲದವರು. ಅವರು ನಮ್ಮನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು.

"ಇಷ್ಟು ದೊಡ್ಡ ಕಾಯಿಲೆ ಬಂದಾಗ ದೇಹ ತಾನಾಗೇ ಈ ಹಾರ್ಮೋನನ್ನ ತಗ್ಗಿಸಿಕೊಳ್ಳತ್ತೆ. ಕುತ್ತಿಗೆಯಲ್ಲಿರೋ ಗ್ರಂಥಿ ಕೆಟ್ಟಿಲ್ಲ. ಸೋಂಕು ಇಳಿದು ಇವರು ಚೇತರಿಸಿಕೊಂಡ್ರೆ ಇದು ತಾನಾಗೇ ಮೇಲೆ ಬರತ್ತೆ. ಆಮೇಲೆ ಇನ್ನೊಂದ್ಸಲ ನೋಡೋಣ."

"ಎಷ್ಟು ಕಮ್ಮಿ ಇದೆ ನೋಡಿದ್ರಾ?"

"ನೋಡಿದೀನಿ."

"ಕಮ್ಮಿ ಇರೋದನ್ನ ಸರಿ ಮಾಡ್ಬೇಕಲ್ವಾ? ಮಾತ್ರೆ ಇದೆಯಲ್ಲ. ನಾನೇ ತಗೋತೀನಿ."

"ನಿಮ್ದು ಗ್ರಂಥಿಯ ಕಾಯಿಲೆ. ಇವರ್ದು ಅಲ್ಲ. ಇಂಥ ಹೊತ್ತಲ್ಲಿ ಮಾತ್ರೆ ಕೊಟ್ಟು ಉಪಯೋಗ ಆಗಿದ್ದು ನಾವು ಕಂಡಿಲ್ಲ. ಸುಸ್ತಾಗಿರೋ ಹೃದಯಕ್ಕೆ ಅದು ಹೊರೆ ಆಗಬಹುದು. ಬೇಡಮ್ಮ."

ಬೇಡಮ್ಮ ಎಂಬ ಆ ಮಾತಿಗೆ ಅಕ್ಕನ ಮುಖ ಕಲ್ಲಾಯಿತು. ಜಗಳ ಆಡುತ್ತಾರೆ ಎಂದು ನಾನು ಕಾದೆ, ಆಡಲಿಲ್ಲ. "ಸರಿ" ಎಂದಷ್ಟೇ ಹೇಳಿ ಹೊರಗೆ ಬಂದರು. ಪಾಯಿಂಟ್ ಎರಡೈದಕ್ಕೆ ಬೀದಿ ಒಂದು ಮಾಡುವವರು ಇಷ್ಟು ಸುಲಭಕ್ಕೆ ಸರಿ ಎಂದರೆ ಏನೋ ಇದೆ ಎಂದು ನನಗೆ ಹೊಳೆಯಬೇಕಿತ್ತು. ನನ್ನ ತಲೆ ಆಗ ನನ್ನ ಹತ್ತಿರ ಇರಲಿಲ್ಲ.

ಆ ವಾರ ಕಳೆಯುವ ಹೊತ್ತಿಗೆ ಅವನು ಕಣ್ಣು ಬಿಟ್ಟ. ವಾರ್ಡಿಗೆ ಹಾಕಿದರು. ಕುಡಿಯಲು ಹಾಲು ಕೊಡಬಹುದು ಎಂದರು. ಬೆಳಗಿನ ಹಾಲು ನನ್ನದು, ನೀನು ಮನೆಗೆ ಹೋಗಿ ಸ್ನಾನ ಮಾಡಿ ಬಾ ಎಂದು ಅಕ್ಕ ನನ್ನನ್ನು ಕಳಿಸುತ್ತಿದ್ದರು. ಎಷ್ಟು ಒಳ್ಳೆಯವರು ಎಂದುಕೊಂಡು ನಾನು ಹೋಗುತ್ತಿದ್ದೆ.

ಅವನು ದಿನದಿಂದ ದಿನಕ್ಕೆ ಸುಧಾರಿಸುತ್ತಿದ್ದ. ಇದ್ದಕ್ಕಿದ್ದಂತೆ ಒಂದು ಬೆಳಗ್ಗೆ ಎದೆ ಹಾರತೊಡಗಿತು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮಂಚದ ಸುತ್ತ ಜನ. ನಾಡಿ ತಾಳ ತಪ್ಪಿ ಓಡುತ್ತಿತ್ತು, ಅವನ ಹಣೆಯಲ್ಲಿ ಬೆವರು, ಕಣ್ಣುಗಳು ನನ್ನನ್ನೇ ಹುಡುಕುತ್ತಿದ್ದವು. ಮತ್ತೆ ಐಸಿಯು ಒಳಗೆ ಕರೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದರು.

"ಸೋಂಕು ಇಳೀತಾ ಇತ್ತು. ಯಾಕೆ ಹೀಗಾಯ್ತು ಅಂತ ಹುಡುಕ್ತಾ ಇದೀವಿ. ನಾವು ಬರೆದುಕೊಟ್ಟಿದ್ದು ಬಿಟ್ಟು ಬೇರೆ ಏನಾದ್ರೂ ಕೊಟ್ಟಿದೀರಾ? ಕಷಾಯ, ಮಾತ್ರೆ, ಏನಾದ್ರೂ?"

"ಇಲ್ಲ" ಎಂದೆ ನಾನು.

"ಕೊಟ್ಟಿದೀನಿ" ಎಂದರು ಅಕ್ಕ.

ಓಡಾಡುತ್ತಿದ್ದ ನರ್ಸ್ ಕೂಡ ನಿಂತುಬಿಟ್ಟಳು. ಅಕ್ಕ ನೆಟ್ಟಗೆ ನಿಂತು ಎಲ್ಲವನ್ನೂ ಹೇಳಿದರು. ತಾವೇ ತೆಗೆದುಕೊಳ್ಳುವ ಥೈರಾಯ್ಡ್ ಮಾತ್ರೆ. ಪುಡಿ ಮಾಡಿ ಹಾಲಿನಲ್ಲಿ. ವಾರ್ಡಿಗೆ ಬಂದ ಮಾರನೇ ದಿನದಿಂದ, ಪ್ರತಿದಿನ. ನಂಬರು ತುಂಬಾ ಕಮ್ಮಿ ಇದೆ ಎಂದು ಒಂದರ ಬದಲು ಎರಡು, ಆಮೇಲೆ ಮೂರು. ದನಿ ನಡುಗಲಿಲ್ಲ. ಡಾಕ್ಟರಮ್ಮ ಬೈಯಲಿಲ್ಲ. "ಹೇಳಿದ್ದು ಒಳ್ಳೇದಾಯ್ತು" ಎಂದು ಸರಸರನೆ ಒಳಗೆ ಹೋದರು.

ಬೈಯುವ ಕೆಲಸ ನನ್ನ ಪಾಲಿಗೆ ಉಳಿದಿತ್ತು. ಆ ಮೊಗಸಾಲೆಯಲ್ಲಿ ನಾನು ಆಡಿದ ಮಾತುಗಳನ್ನೆಲ್ಲ ಇಲ್ಲಿ ಬರೆಯಲಾರೆ. ಅಕ್ಕ ತಲೆ ತಗ್ಗಿಸಿ ಕೇಳಿದರು. ಕೊನೆಗೆ, "ಕಮ್ಮಿ ಇತ್ತು ಕಣೇ. ಕಮ್ಮಿ ಇದ್ದಿದ್ದನ್ನ ನೋಡ್ಕೊಂಡು ಹೇಗೆ ಸುಮ್ನೆ ಕೂರ್ಲಿ?" ಎಂದರು.

ಆಗ ನನ್ನ ಬಾಯಿಗೆ ಎಲ್ಲಿಂದ ಬಂತೋ, ಅಂಗಡಿಯ ಮಾತು ಬಂತು. "ಸಕ್ಕರೆ ಏರಿದವರು ನಂಬರು ತೆಗೆಸೋಕೆ ಬಂದ್ರೆ ನೀವು ಏನ್ ಹೇಳ್ತೀರಿ? ದಿನಾ ಹೇಳ್ತೀರಲ್ಲ, ಈಗ ಹೇಳಿ!"

ಅಕ್ಕನ ಅಂಗಡಿಯಲ್ಲಿ ಅದು ಮುರಿಯಲಾಗದ ನಿಯಮ. ರಕ್ತದಲ್ಲಿ ಸಕ್ಕರೆ ಜಾಸ್ತಿಯಾದಾಗ ಕಣ್ಣಿನ ನಂಬರು ಸುಮ್ಮನೆ ಏರುಪೇರಾಗುತ್ತದೆ. ಆಗ ತೆಗೆದ ನಂಬರಿಗೆ ಕನ್ನಡಕ ಮಾಡಿದರೆ, ಸಕ್ಕರೆ ಇಳಿದ ಮೇಲೆ ಅದೇ ಕನ್ನಡಕದಲ್ಲಿ ಏನೂ ಕಾಣುವುದಿಲ್ಲ. ಹಾಗೆ ಬಂದವರನ್ನು ಅಕ್ಕ ಹಿಂದಿನ ಕೋಣೆಯಿಂದಲೇ ಕೂಗಿ ವಾಪಸು ಕಳಿಸುತ್ತಿದ್ದರು. ಈಗ ತೋರಿಸ್ತಿರೋದು ನಿಮ್ಮ ಕಣ್ಣಿನ ನಂಬರಲ್ಲ, ಕಾಯಿಲೆಯದು, ಮೊದಲು ಮೈ ಸರಿ ಮಾಡ್ಕೊಂಡು ಬನ್ನಿ ಎನ್ನುತ್ತಿದ್ದರು. ಮಾಲೀಕರು ಗಿರಾಕಿ ಕೈತಪ್ಪಿತೆಂದು ಹಲ್ಲು ಕಡಿದರೂ ಕೇಳುತ್ತಿರಲಿಲ್ಲ.

ಅಕ್ಕ ಬೆಂಚಿನ ಮೇಲೆ ಕೂತರು. ಅಂದೆಲ್ಲ ಒಂದು ಗುಟುಕು ನೀರನ್ನೂ ಮುಟ್ಟಲಿಲ್ಲ. ನನಗೆ ಕರುಣೆ ಬರಲಿಲ್ಲ. ಗಂಡ ಒಳಗೆ ಬದುಕುತ್ತಾನೋ ಇಲ್ಲವೋ ಎಂದು ತಿಳಿಯದೆ ಕೂತವಳಿಗೆ ಇನ್ನೊಬ್ಬರ ಮೇಲೆ ಕರುಣೆ ತೋರಿಸುವಷ್ಟು ಜಾಗ ಎದೆಯಲ್ಲಿ ಇರುವುದಿಲ್ಲ.

ಅವನು ಬದುಕಿದ. ಎದೆ ಹಿಡಿತಕ್ಕೆ ಬರಲು ದಿನಗಳೇ ಬೇಕಾದವು. ಕಾರಣ ಮಾತ್ರೆಯೇ, ಉಳಿದ ಸೋಂಕೇ ಎಂದು ಖಡಾಖಂಡಿತವಾಗಿ ಹೇಳಲಾಗದು, ಎರಡೂ ಸೇರಿರಬಹುದು ಎಂದರು ಡಾಕ್ಟರಮ್ಮ. ಅಕ್ಕ ಸೋಂಕಿನ ಮಾತನ್ನು ಕಿವಿಗೆ ಹಾಕಿಕೊಳ್ಳಲೇ ಇಲ್ಲ. ತಮ್ಮನಿಗೆ ತಮ್ಮ ಕೈಯಿಂದ ಏನನ್ನೂ ಕೊಡುವುದನ್ನು ನಿಲ್ಲಿಸಿದರು. ನೀರು ಬೇಕೆಂದರೆ ನನ್ನನ್ನು ಕರೆಯುತ್ತಿದ್ದರು.

ಒಂದು ದಿನ ನಾನು ಅವನನ್ನು ಕೇಳಿದೆ, "ಹಾಲಲ್ಲಿ ಏನೋ ಇದೆ ಅಂತ ನಿಂಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಗ್ತಿತ್ತು. ತಳದಲ್ಲಿ ಪುಡಿ ಕಾಣ್ತಿತ್ತು."

"ಮತ್ತೆ ಯಾಕೆ ಕುಡಿದೆ ಮಾರಾಯ?"

"ಅಕ್ಕ ಕೊಟ್ಟಿದ್ದನ್ನ ಬೇಡ ಅಂದು ನಂಗೆ ಅಭ್ಯಾಸ ಇಲ್ಲ" ಎಂದ. ಅಕ್ಕನ ಪ್ರೀತಿ ಒಂದು ಕಡೆ, ಇವನ ಮೆತ್ತಗಿನ ಸ್ವಭಾವ ಇನ್ನೊಂದು ಕಡೆ. ಇವರಿಬ್ಬರ ನಡುವೆ ನಾನು ವಿಧವೆಯಾಗುವುದರಲ್ಲಿದ್ದೆ.

ಮನೆಗೆ ಬಂದು, ಗೋಡೆ ಹಿಡಿದು ನಡೆಯುವುದು ಹೋಗಿ ಕೋಲು ಹಿಡಿದು ನಡೆಯುವುದು ಬಂತು. ಮೈಗೆ ಸ್ವಲ್ಪ ಬಣ್ಣ ಬಂದ ಮೇಲೆ ಡಾಕ್ಟರಮ್ಮ ಮತ್ತೆ ರಕ್ತ ಪರೀಕ್ಷೆ ಮಾಡಿಸಿದರು. ಮೂವರೂ ಹೋದೆವು. ಅಕ್ಕ ಬರುವುದಿಲ್ಲ ಎಂದು ಹಟ ಹಿಡಿದಿದ್ದರು. ಹಾಗಾದರೆ ನಾನೂ ಹೋಗಲ್ಲ ಎಂದು ಅವನು ಹೇಳಿದ ಮೇಲೆ ಬಂದರು.

"ಥೈರಾಯ್ಡ್ ಪೂರ್ತಿ ಸರಿ ಇದೆ" ಎಂದರು ಡಾಕ್ಟರಮ್ಮ. "ನಿಮ್ಮ ಮಾತ್ರೆಯ ಪ್ರಭಾವ ಎಂದೋ ಮುಗಿದಿದೆ. ಇದು ಇವರ ದೇಹ ತಾನೇ ಮಾಡಿಕೊಂಡಿದ್ದು. ಇವರಿಗೆ ಆ ಕಾಯಿಲೆ ಇರಲೇ ಇಲ್ಲ."

ನಾನು ದೇವರಿಗೆ ಕೈಮುಗಿದೆ. ಅಕ್ಕ ಮೇಜಿನ ಅಂಚನ್ನು ಬೆರಳಿನಿಂದ ಸವರುತ್ತಾ ಕೂತಿದ್ದರು. ಆಮೇಲೆ ಮೆಲ್ಲಗೆ, ತಮ್ಮದಲ್ಲದ ದನಿಯಲ್ಲಿ ಕೇಳಿದರು.

"ಡಾಕ್ಟ್ರೇ, ನಮ್ಮಮ್ಮಂಗೂ ಹೀಗೇ ಕಮ್ಮಿ ಬಂದಿತ್ತು. ಬಹಳ ಹಿಂದೆ. ಅವರು ಉಳೀಲಿಲ್ಲ."

"ಏನಾಗಿತ್ತು ಅವರಿಗೆ?"

ಅಕ್ಕ ಹೇಳಿದರು.

"ಆ ಜ್ವರ ಬರೋಕೆ ಮುಂಚೆ ಹೇಗಿದ್ರು? ಸುಸ್ತು, ಮುಖ ಊತ, ಯಾವಾಗ್ಲೂ ಚಳಿ? ನಿಮಗಾಗಿತ್ತಲ್ಲ, ಹಾಗೆ?"

ಅಕ್ಕ "ಇಲ್ಲ" ಎಂದರು. "ಎರಡು ಕೈಯಲ್ಲಿ ಎರಡು ಬಕೆಟ್ ನೀರು ಎತ್ಕೊಂಡು ಮೆಟ್ಟಿಲು ಹತ್ತೋರು. ಹಾಡ್ಕೊಂಡು."

"ನಾನು ನೋಡದೇ ಇರೋ ರೋಗಿ ಬಗ್ಗೆ ಖಚಿತವಾಗಿ ಹೇಳೋಕಾಗಲ್ಲಮ್ಮ" ಎಂದರು ಡಾಕ್ಟರಮ್ಮ. "ಆದ್ರೆ ನೀವು ಹೇಳೋದು ಕೇಳಿದ್ರೆ, ಅವರನ್ನ ತಗೊಂಡು ಹೋಗಿದ್ದು ಸೋಂಕು. ಆ ಹೊತ್ತಲ್ಲಿ ಮಾತ್ರೆ ಬೇಡ ಅಂತ ನಾನೂ ಹೇಳ್ತಿದ್ದೆ."

ಹೊರಗೆ ಬಂದೆವು. ಆಸ್ಪತ್ರೆಯ ಹಿಂಭಾಗದಲ್ಲಿ ವಾಹನ ನಿಲ್ಲಿಸುವ ಜಾಗದ ಪಕ್ಕ ಒಂದು ಸಿಮೆಂಟು ಕಟ್ಟೆ ಇತ್ತು. ಅವನಿಗೆ ನಡೆದು ಏದುಸಿರು ಬಂದಿದ್ದರಿಂದ ಅಲ್ಲಿ ಕೂತೆವು. ಅಕ್ಕ ಯಾರ ಮುಖವನ್ನೂ ನೋಡದೆ ಮಾತಾಡಿದರು.

"ಅಪ್ಪ ಸರಿಯಾಗೇ ಹೇಳಿದ್ರು ಕಣೋ. ಅವರು ಸಾಯೋವರೆಗೂ ನಾನು ಅವರ ಹತ್ರ ಮಾತಾಡ್ಲಿಲ್ಲ. ಮೊದಮೊದಲು ನಿನ್ನನ್ನೂ ಮಾತಾಡೋಕೆ ಬಿಡ್ಲಿಲ್ಲ. ಸಣ್ಣ ಮಗು ನೀನು. ಅವರ ಹತ್ರ ಹೋಗಬೇಡ, ಅಮ್ಮನ್ನ ಸಾಯಿಸಿದೋರು ಅವರು ಅಂತ ನಿನ್ನ ಕಿವಿ ಹಿಂಡಿ ಹೇಳಿದ್ದೆ."

ಇದು ನನಗೆ ಗೊತ್ತಿರಲಿಲ್ಲ. ನಾನು ಅವನನ್ನು ನೋಡಿದೆ. ಅವನು ನೆಲ ನೋಡುತ್ತಿದ್ದ.

"ನಾನು ಮಾತಾಡ್ತಿದ್ದೆ ಅಕ್ಕ" ಎಂದ. "ನೀನು ಅಂಗಡಿಗೆ ಹೋದ್ಮೇಲೆ. ದಿನಾ."

ಅಕ್ಕ ತಿರುಗಿದರು. "ಏನ್ ಮಾತಾಡ್ತಿದ್ರಿ?"

"ನಿನ್ನ ವಿಷಯಾನೇ. ಊಟ ಮಾಡಿ ಹೋದ್ಲಾ, ಕಣ್ಣು ಯಾಕೆ ಕೆಂಪಾಗಿದೆ, ಹೀಗೆ."

"ಸಿಟ್ಟಿತ್ತಾ ನನ್ನ ಮೇಲೆ?"

"ಇರಲಿಲ್ಲ. ಸ್ವಲ್ಪ ದೊಡ್ಡೋನಾದ ಮೇಲೆ ನಾನೇ ಕೇಳ್ದೆ. ನೀವು ಒಂದ್ಸಲ ಕೂರಿಸ್ಕೊಂಡು ಅಕ್ಕಂಗೆ ಬಿಡಿಸಿ ಹೇಳಬಾರದಾ ಅಂತ. ಬೇಡ ಅಂದ್ರು. 'ತಾಯಿ ಹೋದದ್ದಕ್ಕೆ ಯಾರ ಮೇಲಾದ್ರೂ ಕೋಪ ಮಾಡ್ಕೊಳ್ಳಬೇಕು ಅವಳು. ನನ್ನ ಮೇಲೆ ಮಾಡ್ಕೊಳ್ಳಲಿ. ನಾನಲ್ಲ ಅಂತ ಆದ್ರೆ, ಆ ಕೋಪ ತನ್ನ ಮೇಲೇ ತಿರುಗಿಸ್ಕೊಂಡುಬಿಡ್ತಾಳೆ' ಅಂದ್ರು."

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮುಚ್ಚಿಕೊಂಡರೂ ಆ ಅಳು ನಿಲ್ಲಲಿಲ್ಲ. ಕಾರು ಹತ್ತುತ್ತಿದ್ದವರು ತಿರುಗಿ ನೋಡುವಷ್ಟು ಜೋರಾಗಿ ಅತ್ತರು. ನಾನೂ ಅತ್ತೆ. ಮಾವನಿಗಾಗಿ, ಆ ಮೇಜಿನ ತುದಿಯಲ್ಲಿ ಅವರು ಸುಮ್ಮನೆ ಕೂತಿದ್ದ ಅಷ್ಟೂ ವರ್ಷಕ್ಕಾಗಿ. ಎಷ್ಟು ಹೊತ್ತಾಯಿತೋ, ಅಕ್ಕ ಮುಖ ಒರೆಸಿಕೊಂಡು ತಮ್ಮನ ಹತ್ತಿರ ಸರಿದು ಕೂತರು.

"ಇನ್ನೂ ಏನೇನ್ ಹೇಳ್ತಿದ್ರು? ಎಲ್ಲಾ ಹೇಳು. ಒಂದೂ ಬಿಡಬೇಡ."

ಅವನು ಹೇಳತೊಡಗಿದ. ಅವನಿಗಿನ್ನೂ ಉಸಿರು ಸಾಲುತ್ತಿರಲಿಲ್ಲ, ನಾಲ್ಕು ಮಾತಾಡಿದರೆ ನಿಲ್ಲಿಸಿ ಸುಧಾರಿಸಿಕೊಳ್ಳಬೇಕಾಗುತ್ತಿತ್ತು. ಅವನು ನಿಲ್ಲಿಸಿದಾಗಲೆಲ್ಲ ಅಕ್ಕ ಕಾದರು.